ಸನಿಕೆ ಹಿಡಿದ ಕೈಗೆ ಗದ್ದೆ ಇಲ್ಲ

ಮೈಸೂರು ಮಹಾರಾಜರಿಗೆ ಆನೆಯಿತ್ತು, ಅಂಬಾರಿಯಿತ್ತು, ಕುದುರೆ ಸವಾರರಿದ್ದರು. ನನ್ನ ಹೆಂಡತಿಯ ಅಣ್ಣ ಪಾಲಣ್ಣನಿಗೆ ಇದ್ದದ್ದು ಒಂದು ಸನಿಕೆ, ಕಾಲುವೆಯ ಮಣ್ಣೆಳೆಯುವ ಗುದ್ದಲಿ. ಇಬ್ಬರಲ್ಲಿ ಯಾರ ಅಧಿಕಾರ ದೊಡ್ಡದು ಅಂತ ನಮ್ಮ ಬಿಲ್ಲೆಪಾಳ್ಯದಲ್ಲಿ ಯಾರನ್ನು ಬೇಕಾದರೂ ಕೇಳಿ. ಮಹಾರಾಜರು ಸಿಟ್ಟಾದರೆ ಆ ಸುದ್ದಿ ಮಧುಗಿರಿಗೆ ಬಂದು, ಅಮಲ್ದಾರರ ಬಾಯಿಂದ ಇಳಿದು, ನಮ್ಮೂರು ಮುಟ್ಟುವಷ್ಟರಲ್ಲಿ ಅರಮನೆಯಲ್ಲಿ ಸಿಟ್ಟು ಆರಿ ಮೂರು ದಸರಾ ಆಗಿರುತ್ತಿದ್ದವು. ಪಾಲಣ್ಣ ಸಿಟ್ಟಾದರೆ ನಾಳೆ ಬೆಳಿಗ್ಗೆಗೇ ನಿನ್ನ ಭತ್ತದ ಬುಡದಲ್ಲಿ ನೆಲ ಬಾಯಿ ಬಿಟ್ಟಿರುತ್ತಿತ್ತು. ಪಾಲಣ್ಣ ಸಿಟ್ಟಾಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಅವನು ನಮ್ಮೂರ ನೀರುಗಂಟಿ. ಕೆರೆಯ ನೀರನ್ನು ಯಾವ ದಿನ ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಅವನ ಕೆಲಸ. ನಮ್ಮ ಕೆರೆಯನ್ನು ಕಂಡವರು ಸಮುದ್ರ ಅನ್ನುತ್ತಾರೆ. ನಾನು ಸಮುದ್ರ ನೋಡಿಲ್ಲ, ಆದ್ದರಿಂದ ಸ್ವಲ್ಪ ಕಡಿಮೆ ಮಾಡಿ, ಸಮುದ್ರದ ತಮ್ಮ ಅನ್ನುತ್ತೇನೆ. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ನಡುವೆ ನೀರಿಗಿಳಿದ ಉದ್ದನೆಯ ಮರದ ಗೂಟ, ಅದು ತೂಬು. ಗೂಟ ಎತ್ತಿದರೆ ಊರಿಗೆ ಅನ್ನ, ಇಳಿಸಿದರೆ ಮುದ್ದೆ. ನಮ್ಮ ಸೀಮೆಯಲ್ಲಿ ಮುದ್ದೆ ಉಣ್ಣುವುದು ಹೊಟ್ಟೆಗೆ, ಅನ್ನ ಉಣ್ಣುವುದು ಮರ್ಯಾದೆಗೆ. ಆ ಗೂಟವನ್ನು ನೀರುಗಂಟಿಯೊಬ್ಬನೇ ಮುಟ್ಟಬೇಕು. ಪಟೇಲರು ಮುಟ್ಟಿದರೂ ಅವರ ಮನೆಯಲ್ಲಿ ಊರಿನವರು ನೀರು ಕುಡಿಯುವುದಿಲ್ಲ.

ಇದಕ್ಕೆ ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿದ್ದರು: ಸನಿಕೆ ಹಿಡಿದ ಕೈಗೆ ಗದ್ದೆ ಇರಕೂಡದು. ಕೆರೆಯ ಕೆಳಗೆ ಒಂದು ಗೇಣು ಗದ್ದೆಯಿದ್ದವನೂ ನೀರುಗಂಟಿಯಾಗುವಂತಿಲ್ಲ. ಗದ್ದೆಯಿದ್ದವನ ಕೈ ಅವನ ಗದ್ದೆಯ ಕಡೆಗೇ ತಿರುಗುತ್ತದೆ, ಅಷ್ಟೇ ಅವರು ಮನುಷ್ಯಜಾತಿಯ ಮೇಲೆ ಇಟ್ಟುಕೊಂಡಿದ್ದ ನಂಬಿಕೆ. ಸುಗ್ಗಿಯಲ್ಲಿ ಎಲ್ಲರೂ ಅವನಿಗೊಂದು ಹೊರೆ ತೆನೆ ಕೊಡಬೇಕು. ಕೆಲಸ ಮನೆತನದ್ದು. ಗಂಡುಮಗ ಇಲ್ಲದಿದ್ದರೆ ತಂಗಿಯ ಗಂಡನಿಗೆ ಹೋಗಬೇಕು, ಅವನಿಗೂ ಗದ್ದೆಯಿರಬಾರದು. ಪಾಲಣ್ಣನಿಗೆ ಮಕ್ಕಳಿರಲಿಲ್ಲ. ತಂಗಿಯ ಗಂಡ ನಾನು. ನನಗೆ ಗದ್ದೆಯಿತ್ತು. ಆದ್ದರಿಂದ ಆ ಮಾತು ನನ್ನ ತಲೆಗೆ ಬಂದೇ ಇರಲಿಲ್ಲ.

ನನ್ನ ಹೆಸರು ಕದರಪ್ಪ. ಮಧುಗಿರಿ ಬೆಟ್ಟದ ಕೋಟೆ ಕಾಯುತ್ತಿದ್ದ ಮನೆತನ ನಮ್ಮದು. ನಮ್ಮ ಮುತ್ತಾತ ಎಲೆಯಡಿಕೆ ಹಾಕಿಕೊಂಡು ಬೆಟ್ಟದ ತುದಿಯಿಂದ ಉಗುಳಿದರೆ ಕೆಳಗಿದ್ದ ಶತ್ರುಗಳ ಡೇರೆ ತೇಲಿಕೊಂಡು ಕೊರಟಗೆರೆಗೆ ಹೋಗುತ್ತಿದ್ದವಂತೆ. ನನಗೆ ಅಷ್ಟು ಉಸಿರಿಲ್ಲ. ನನ್ನ ಬಲವೆಲ್ಲ ತಲೆಯಲ್ಲಿ. ಮನುಷ್ಯನ ವಿಚಾರ ನಾನು ಕಂಡುಕೊಂಡಷ್ಟು ಕಾಶಿಯಲ್ಲಿ ಓದಿದವರೂ ಕಂಡಿಲ್ಲ. ಮನುಷ್ಯನೂ ನೀರೇ. ಎಲ್ಲಿ ತಗ್ಗಿದೆಯೋ ಅಲ್ಲಿಗೆ ಹರಿಯುತ್ತಾನೆ. ಒಬ್ಬನಿಗೆ ಹೆಂಡದ ತಗ್ಗು, ಒಬ್ಬನಿಗೆ ಹೊಗಳಿಕೆಯ ತಗ್ಗು, ಇನ್ನೊಬ್ಬನಿಗೆ ಸ್ವರ್ಗದ ತಗ್ಗು. ತಗ್ಗು ಗೊತ್ತಾದರೆ ಎಂಥವನನ್ನೂ ನಮ್ಮ ಹೊಲಕ್ಕೆ ತಿರುಗಿಸಿಕೊಳ್ಳಬಹುದು. ಇದನ್ನು ನಾನು ಮೂವತ್ತು ವರ್ಷ ನಂಬಿಕೊಂಡು ಬಂದಿದ್ದೆ. ಈಗ ನಂಬುತ್ತೇನೋ ಇಲ್ಲವೋ, ಈ ಕತೆ ಮುಗಿಯುವಷ್ಟರಲ್ಲಿ ನಿಮಗೇ ಗೊತ್ತಾದರೆ ನನಗೂ ತಿಳಿಸಿ.

ನನಗೆ ರಾಗಿಯ ಹೊಲ ಬೇಕಾದಷ್ಟಿತ್ತು. ಕೆರೆಯ ಕೆಳಗೆ ಮಾತ್ರ ಮೂವತ್ತು ಗುಂಟೆ, ಅದೂ ಕಾಲುವೆಯ ಕಟ್ಟಕಡೆಗೆ. ನೀರು ಮೊದಲು ತೂಬಿನ ಹತ್ತಿರದ ಪಟೇಲ್ ದೊಡ್ಡರಂಗಪ್ಪನವರ ಗದ್ದೆಗೆ, ಆಮೇಲೆ ಊರಿನವರೆಲ್ಲರ ಗದ್ದೆಗೆ, ಎಲ್ಲರೂ ಕುಡಿದು ಬಾಯಿ ಮುಕ್ಕಳಿಸಿ ಉಗಿದದ್ದು ನನ್ನ ಗದ್ದೆಗೆ. ಕೆರೆ ತುಂಬಿದ ವರ್ಷ ನನಗೂ ಬೆಳೆ. ಮುಕ್ಕಾಲು ತುಂಬಿದ ವರ್ಷ ನನಗೆ ಕಪ್ಪೆಗಳ ಸಂಗೀತ.

ಮಧುಗಿರಿಗೆ ಮೋಟಾರು ಬಸ್ಸು ಓಡಾಡಲು ಶುರುವಾದ ಹೊಸತು. ನನ್ನ ಮಗಳು ಪುಟ್ಟಕ್ಕನಿಗೆ ಪಾವಗಡದ ಕಡೆಯಿಂದ ಗಂಡು ಬಂತು. ಗಂಡಿನ ಅಪ್ಪ ಜುಂಜಪ್ಪ ಅರ್ಧ ತೆಲುಗು ಅರ್ಧ ಕನ್ನಡದ ಮನುಷ್ಯ, ಅಕ್ಕಿ ಕಾಳನ್ನು ಹಲ್ಲಲ್ಲಿ ಕಚ್ಚಿ ಅದು ಯಾವ ಕೆರೆಯದ್ದು ಅಂತ ಹೇಳುವವನು. ಮಧುಗಿರಿ ಸಂತೆಯಲ್ಲಿ ಸಿಕ್ಕ. ಮಾತು ಊಟದ ಮೇಲೆ ಬಂತು. ನಾನು ಸುಮ್ಮನಿರಬಹುದಿತ್ತು.

"ಮುನ್ನೂರು ಎಲೆ, ಬೀಗರೆ," ಅಂದೆ. "ಮೂರು ಹೊತ್ತೂ ಅನ್ನ. ಒಂದು ಕಾಳೂ ಕೊಂಡಿದ್ದಲ್ಲ, ಎಲ್ಲಾ ನನ್ನ ಗದ್ದೆದೇ. ನಮ್ಮ ಭತ್ತದ ತೆನೆ ಎಂಗೆ ಬಾಗ್ತದೆ ಅಂದ್ರೆ, ಕೊಯ್ಯೋರು ಬಗ್ಗೋದೇ ಬ್ಯಾಡ, ಮಲಗಿ ಕೊಯ್ತಾರೆ."

ಜುಂಜಪ್ಪ ನಕ್ಕ. "ಮಂಚಿದಿ ಬಾವಾ, ಒಳ್ಳೇದು. ಆದ್ರೆ ಒಂದು ಮಾತು. ಕೊಂಡ ಅಕ್ಕಿ ಹಾಕಿದ್ರೆ ನಂಗೆ ಗೊತ್ತಾಗೋಗ್ತದೆ. ಬರೀ ಬಾಯಲ್ಲಿ ಬೆಳೆಯೋರ ಮನೆ ಹೆಣ್ಣು ತಂದ್ರೆ ನಮ್ಮೂರಾಗೆ ನಗ್ತಾರೆ."

ನಗುನಗುತ್ತಲೇ ಹೇಳಿದ. ಆದರೆ ನಕ್ಕದ್ದು ಬಾಯಿ, ಕಣ್ಣಲ್ಲ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಬೊಮ್ಮಕ್ಕ ಒನಕೆ ಕೆಳಗಿಟ್ಟಳು.

"ಕೆರೆ ನೋಡ್ಕಂಡು ಮಾತಾಡಿದ್ಯಾ?"

"ನೋಡದೆ ಏನು? ಮುಕ್ಕಾಲು ತುಂಬೈತೆ."

"ಮುಕ್ಕಾಲು ತುಂಬಿದ ವರ್ಷ ನಿನ್ನ ಗದ್ದೇಲಿ ಏನು ಬೆಳೀತದೆ?"

ಉತ್ತರ ಅವಳಿಗೂ ಗೊತ್ತಿತ್ತು, ಕಪ್ಪೆಗಳಿಗೂ ಗೊತ್ತಿತ್ತು. ಆ ವರ್ಷದ ನನ್ನ ಮೂವತ್ತು ಗುಂಟೆ ಭತ್ತದ ಮೇಲೆ ಮಗಳ ಮದುವೆ ನಿಂತಿತ್ತು. ಭತ್ತ ನೀರಿನ ಮೇಲೆ, ನೀರು ಪಾಲಣ್ಣನ ಕೈಮೇಲೆ. ಪಾಲಣ್ಣನ ತಗ್ಗು ಎಲ್ಲಿದೆ ಅಂತ ಹುಡುಕಿದರೆ ಆಯಿತು.

ಮೊದಲು ಕೋಳಿಯಿಂದ ಶುರು ಮಾಡಿದೆ. ವಾರಕ್ಕೆರಡು ಸಲ ಪಾಲಣ್ಣನಿಗೆ ನಮ್ಮ ಮನೆಯಲ್ಲಿ ಊಟ. ಆ ಶ್ರಾವಣ ಕಳೆದ ಮೇಲೆ ನಮ್ಮೂರಲ್ಲಿ ಕೂಗಲು ಒಂದು ಹುಂಜವೂ ಉಳಿಯದೆ ಸೂರ್ಯ ಮಧ್ಯಾಹ್ನದ ಮೇಲೆ ಏಳುತ್ತಿದ್ದ. ಪಾಲಣ್ಣ ಮೂಳೆಯನ್ನೂ ಬಿಡದೆ ಚೀಪಿ, ಕೈ ತೊಳೆದು, ಸನಿಕೆ ಹೆಗಲಿಗೇರಿಸಿ ಹೇಳುವುದು ಒಂದೇ ಮಾತು.

"ಸಾರು ಚೆನ್ನಾಗಿತ್ತು ಭಾವ. ನಿನ್ನ ಸರದಿ ಗುರುವಾರ."

ಆಮೇಲೆ ಹೊಗಳಿದೆ. ನಿನ್ನಂಥ ನೀರುಗಂಟಿ ಶಿರಾದಿಂದ ಪಾವಗಡದವರೆಗೆ ಇಲ್ಲ ಅಂದೆ. "ಹೂಂ, ಅಲ್ಲೆಲ್ಲ ಕೆರೆಗಳೂ ಕಮ್ಮಿ" ಅಂದ. ಹೆದರಿಸಿದೆ. ಅತ್ತೂ ನೋಡಿದೆ. ಒಂದು ದಿನ ಪುಟ್ಟಕ್ಕನನ್ನೇ ಕಳಿಸಿದೆ. ಅವಳ ತಲೆ ಸವರಿ, ಕಡಲೆಕಾಯಿ ಕೊಟ್ಟು, "ನಿಮ್ಮಪ್ಪಂಗೆ ಗುರುವಾರ ಅಂತ ಹೇಳವ್ವ" ಅಂತ ವಾಪಸ್ ಕಳಿಸಿದ. ಏರಿಯ ಮೇಲೆ ಮುಳ್ಳಿನ ನಡುವೆ ಬರಿಗಾಲಲ್ಲಿ ನಡೆದುಕೊಂಡು ಹೋಗುತ್ತಿದ್ದ ಅವನನ್ನು ನೋಡಿದರೆ ನನಗೆ ಮೈಯುರಿ. ತಗ್ಗೇ ಇಲ್ಲದ ಮನುಷ್ಯನೆ? ಅಂಥದ್ದೊಂದು ಪ್ರಾಣಿಯನ್ನು ದೇವರು ಮಾಡಿದ್ದರೆ ನನ್ನ ಮೂವತ್ತು ವರ್ಷದ ವಿದ್ಯೆ ಕೆರೆಗೆ ಹೋಯಿತು.

ಆಗ ಹೊಳೆಯಿತು. ಅದು ಹೊಳೆದ ಗಳಿಗೆಯಲ್ಲಿ ನನ್ನ ತಲೆಯಿಂದ ಬಂದ ಬೆಳಕಿಗೆ ಪಕ್ಕದ ಮನೆಯವರು ದೀಪ ಆರಿಸಿಕೊಂಡರು ಅಂದರೆ ನೀವು ನಂಬುವುದಿಲ್ಲ, ಬಿಡಿ. ಕಟ್ಟಳೆ ಏನು ಹೇಳುತ್ತದೆ? ಗದ್ದೆಯಿದ್ದವನ ಕೈ ಗದ್ದೆಯ ಕಡೆ ತಿರುಗುತ್ತದೆ. ಸರಿ. ಪಾಲಣ್ಣನ ಕೈ ಯಾಕೆ ನೆಟ್ಟಗಿದೆ? ಅವನಿಗೆ ಗದ್ದೆಯಿಲ್ಲ. ಹಾಗಾದರೆ ಅವನಿಗೆ ಗದ್ದೆ ಕೊಟ್ಟುಬಿಡೋಣ. ಯಾವ ಗದ್ದೆ? ನನ್ನದೇ.

ಪತ್ರದಲ್ಲಿ ಮಾತ್ರ ಅವನದು. ಉಳುವವನು ನಾನು, ಕೊಯ್ಯುವವನು ನಾನು, ಅವನಿಗೆ ಎರಡು ಹೊರೆ ಜಾಸ್ತಿ. ದಾನಪತ್ರ ಮಧುಗಿರಿಯಲ್ಲಿ ಆಗುತ್ತದೆ, ಊರಿಗೆ ಯಾಕೆ ಗೊತ್ತಾಗಬೇಕು? ಗದ್ದೆ ತನ್ನದಾದ ಮೇಲೆ ಅವನು ಬೇಡ ಅಂದರೂ ಅವನ ಕೈ ಕೇಳುವುದಿಲ್ಲ. ಹಿರಿಯರೇ ಹೇಳಿದ್ದಾರಲ್ಲ.

ಪಾಲಣ್ಣನಿಗೆ ಹೇಳಿದೆ.

"ಗದ್ದೆ ನನ್ನ ಹೆಸರಿಗಾ?"

"ನಿನ್ನ ಹೆಸರಿಗೇ ಭಾವ. ನೀನು ಬೇರೆ ನಾನು ಬೇರೆಯಾ?"

"ಆಗ್ಲಿ ಬುಡು," ಅಂದ.

ಕೋಳಿಗೆ ಬಗ್ಗದವನು, ಹೊಗಳಿಕೆಗೆ ಬಗ್ಗದವನು, ಒಂದೇ ಮಾತಿಗೆ ಆಗಲಿ ಅಂದ. ಅಷ್ಟು ಬೇಗ ಆಗಲಿ ಅಂದದ್ದೇ ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಸಿಕ್ಕಿತು ತಗ್ಗು ಅಂತ ಬಸ್ಸಿನಲ್ಲಿ ಕೂತು ಮಧುಗಿರಿಯವರೆಗೂ ಮೀಸೆ ತಿರುವಿಕೊಂಡೇ ಹೋದೆ. ನಾನು ಸಹಿ ಹಾಕಿದೆ, ಅವನು ಹೆಬ್ಬೆಟ್ಟೊತ್ತಿದ.

ಮಾರನೆ ದಿನ ಬೆಳಿಗ್ಗೆ ಚಾವಡಿಯಲ್ಲಿ ಊರೆಲ್ಲ ಕೂತಿದ್ದಾಗ ಪಾಲಣ್ಣ ಬಂದ. ಹೆಗಲ ಮೇಲಿನ ಸನಿಕೆ ಇಳಿಸಿ ಪಟೇಲರ ಮುಂದೆ ನೆಲದ ಮೇಲೆ ಮಲಗಿಸಿದ.

"ನಂಗೆ ಗದ್ದೆ ಬಂತು, ಪಟೇಲ್ರೆ. ಸನಿಕೆ ಹೋಯ್ತು."

ನನ್ನ ಎದೆ ಒಂದು ಸಲ ನಿಂತು, ಮಧುಗಿರಿ ಬೆಟ್ಟವನ್ನೊಂದು ಸುತ್ತು ಹಾಕಿ ಬಂದು ಮತ್ತೆ ಹೊಡೆದುಕೊಳ್ಳತೊಡಗಿತು. ಪಟೇಲರು ಪತ್ರ ಓದಿಸಿ ಕೇಳಿದರು, ನನ್ನ ಕಡೆ ನೋಡಿದರು.

"ಲೇ ಕದರಾ. ಗದ್ದೆ ದಾನ ಮಾಡಿದ್ಯಾ? ನೀನು?"

ದಾನ ಅಲ್ಲ ಮೋಸ ಅಂತ ಹೇಳಲಾದೀತೆ? "ಏನೋ, ದೇವರು ಕೊಟ್ಟ ಬುದ್ಧಿ," ಅಂದೆ.

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಹನುಮಕ್ಕ ಅನ್ನುವ ಮುದುಕಿಗೆ ಊರಿನ ಕಟ್ಟಳೆಯೆಲ್ಲ ಬಾಯಿಪಾಠ. ಅವಳು ಕುಟ್ಟುವುದು ನಿಲ್ಲಿಸಿದಳು. "ಪಾಲಣ್ಣಂಗೆ ಗಂಡುಮಗ ಇಲ್ಲ. ತಂಗಿ ಗಂಡ ಕದರ. ನಿನ್ನೆಗಂಟ ಗದ್ದೆ ಇತ್ತು. ಇವತ್ತು ಇಲ್ಲ. ಇನ್ಯಾರಪ್ಪ ಮತ್ತೆ?"

ಚಾವಡಿ ನಕ್ಕ ನಗುವಿಗೆ ಸೂರಿನ ಮೇಲಿನ ಪಾರಿವಾಳ ಎದ್ದು ಶಿರಾ ದಿಕ್ಕಿಗೆ ಹಾರಿದವು. ಹೀಗೆ ಸನಿಕೆ ನನ್ನ ಕೈಗೆ ಬಂತು.

ಪಾಲಣ್ಣ ನನಗೆ ಮೋಸ ಮಾಡಿದನೋ, ನನ್ನನ್ನು ಮೋಸದಿಂದ ಉಳಿಸಿದನೋ, ಅಥವಾ ಅವನಿಗೆ ಇದ್ದದ್ದೇ ಅಷ್ಟು ನೇರ ಬುದ್ಧಿಯೋ? ದಾರಿಯಲ್ಲಿ ಹಿಡಿದು ಕೇಳಿದೆ.

"ಯಾಕಿಂಗೆ ಮಾಡ್ದೆ ಭಾವ?"

"ಇನ್ನೆಂಗೆ ಮಾಡ್ಬೇಕಿತ್ತು?" ಅಂದ. ನಿಜವಾಗಿಯೂ ತಿಳಿಯಲು ಕೇಳಿದವನ ಹಾಗೆ.

ಮನೆಯಲ್ಲಿ ಬೊಮ್ಮಕ್ಕ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ನಾನೇ ಸಮಾಧಾನ ಹೇಳಿದೆ. ಪತ್ರದಲ್ಲಿ ಯಾರ ಹೆಸರಿದ್ದರೇನು, ಉಳುತ್ತಿರುವುದು ನಾವು, ಕೊಯ್ಯುವುದು ನಾವು; ಈಗ ನೀರೂ ನಮ್ಮ ಕೈಯಲ್ಲೇ. ಕಟ್ಟಳೆಯ ಪ್ರಕಾರ ನನಗೆ ಗದ್ದೆಯಿಲ್ಲ, ನಿಜದಲ್ಲಿ ಇದೆ. ಇದಕ್ಕಿಂತ ಒಳ್ಳೆಯ ಮೋಸವನ್ನು ನಾನು ಯೋಚಿಸಿ ಮಾಡಿದ್ದರೂ ಆಗುತ್ತಿರಲಿಲ್ಲ. ಅವಳು ಕೇಳಿದ್ದು ಒಂದೇ: "ಗುರುವಾರದ ನೀರು ಗುರುವಾರ ಬರ್ತದೆ ತಾನೆ? ಅಷ್ಟು ಮಾಡು. ಜಾಸ್ತಿ ಬುದ್ಧಿ ಓಡಿಸ್ಬ್ಯಾಡ."

ಇನ್ನು ಸನಿಕೆಯ ಸುಖ. ಅದನ್ನು ಹೇಳಲು ನನ್ನಂಥವನಿಗೂ ಮಾತು ಸಾಲದು. ಮೊದಲ ದಿನ ತೂಬಿನ ಗೂಟ ಎತ್ತಿದೆ. ಹತ್ತು ಆಳಿನ ಕೆಲಸ, ನಾನು ಒಂದು ಕೈಯಲ್ಲಿ ಎತ್ತಿದೆ. ಕೆಳಗೆ ನೀರು ಗುಡುಗಿತು. ಕಾಲುವೆಯುದ್ದಕ್ಕೂ ಬದುಗಳ ಮೇಲೆ ನಿಂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮೂವತ್ತು ವರ್ಷ ನಾನು ಮಾತಾಡಿದ್ದೇ ಮಾತಾಡಿದ್ದು, ಒಬ್ಬನೂ ಪೂರ್ತಿ ಕೇಳಿದವನಲ್ಲ. ಈಗ ನಾನು ಕೆಮ್ಮಿದರೆ ನಾಲ್ಕು ಜನ ನಿಲ್ಲುತ್ತಿದ್ದರು. ಮಳೆ ಬರುತ್ತದೆ ಅಂದರೆ ಕಣದಲ್ಲಿ ಹರಡಿದ್ದನ್ನು ಒಳಗೆ ಹಾಕುತ್ತಿದ್ದರು. ನಮ್ಮ ಮುತ್ತಾತನ ಉಗುಳಿನ ಕತೆಯನ್ನು ಒಂದೇ ವಾರದಲ್ಲಿ ಹನ್ನೊಂದು ಜನ ಕೊನೆಯವರೆಗೂ ಕೇಳಿದರು. ಇಬ್ಬರು ಅತ್ತರು.

ಪಟೇಲರು ಮಾತ್ರ "ಲೇ ಕದರಾ" ಅನ್ನುವುದು ಬಿಡಲಿಲ್ಲ. ಅದೊಂದು ಮುಳ್ಳು ಒಳಗೆ ಉಳಿದಿತ್ತು.

ಆದರೂ ಗುರುವಾರದ ನೀರನ್ನು ಗುರುವಾರವೇ ಬಿಟ್ಟೆ. ಕದಿಯಬಹುದಿತ್ತು. ಕದಿಯಲಿಲ್ಲ. ಒಳ್ಳೆಯತನ ಅಂದುಕೊಳ್ಳಬೇಡಿ. ಕದ್ದರೆ ಸನಿಕೆ ಹೋಗುತ್ತದೆ, ಸನಿಕೆ ಹೋದರೆ ಮುತ್ತಾತನ ಕತೆ ಯಾರು ಕೇಳುತ್ತಾರೆ? ಲೋಕದಲ್ಲಿ ನ್ಯಾಯವಾಗಿ ನಡೆಯುವವರಲ್ಲಿ ಮುಕ್ಕಾಲು ಪಾಲು ಇಂಥದ್ದೇ ಕಾರಣಕ್ಕೆ ನಡೆಯುತ್ತಾರೆ ಅಂತ ನನಗೆ ಆಗ ಖಾತ್ರಿಯಾಯಿತು.

ಪಾಲಣ್ಣ ಆ ಹೊತ್ತಿಗೆ ಬೇರೆ ಮನುಷ್ಯನಾಗಿದ್ದ. ಮೊದಲ ತಿಂಗಳು ಹಗಲೂ ಮರದ ಕೆಳಗೆ ಗೊರಕೆ. ಪೈರು ಮೊಣಕಾಲಿಗೆ ಬರುವಷ್ಟರಲ್ಲಿ ಗೊರಕೆ ನಿಂತಿತು. ಉಳುಮೆ ನನ್ನದೇ ಆದರೂ ಅವನು ಬೆಳಗಾಗುವ ಮೊದಲೇ ಆ ಬದುವಿನ ಮೇಲೆ ಕೂತಿರುತ್ತಿದ್ದ. ಏಡಿ ತೂತು ಹುಡುಕಿ ಮುಚ್ಚುತ್ತಿದ್ದ. ಹಕ್ಕಿಗೆ ಕಲ್ಲು ಬೀಸುತ್ತಿದ್ದ. ಇಪ್ಪತ್ತು ವರ್ಷ ಊರಿನ ಪೈರನ್ನೆಲ್ಲ ನೋಡಿಕೊಂಡವನು ಈ ಮೂವತ್ತು ಗುಂಟೆಯನ್ನು ನೋಡಿ ಒಣಗಿಹೋದ. ಕಣ್ಣು ಗುಳಿಬಿದ್ದವು.

"ತಿನ್ನೋದು ನಿಮ್ಮನೆಯೋರು ಅಂತ ಗೊತ್ತು ಕಣ್ ಭಾವ," ಅಂದ. "ಆದ್ರೂ ನಂದು ಅಂತ ಪತ್ರದಾಗೆ ಬರ್ದುಬುಟ್ಟವ್ರಲ್ಲ. ಈ ಹೊಟ್ಟೆಯೊಳಗಿನ ಬೆಂಕಿ ಎಂಗೆ ಆರಿಸ್ತೀರಿ ನೀವೆಲ್ಲ?"

ಹುಟ್ಟಿದಾಗಿನಿಂದ ಉರಿಯುತ್ತಿರುವುದನ್ನು ಆರಿಸಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಕಡಲೆಕಾಯಿ ಕೊಟ್ಟೆ.

ಮಾರ್ಗಶಿರ ಬಂತು. ತೆನೆ ಹಾಲುಕಟ್ಟುವ ಹೊತ್ತು. ಆ ಹತ್ತು ದಿನದಲ್ಲಿ ಬುಡಕ್ಕೆ ಒಂದು ಸಲ ನೀರು ಸಿಕ್ಕರೆ ಕಾಳು, ಇಲ್ಲದಿದ್ದರೆ ಜೊಳ್ಳು. ಕೆರೆಯಲ್ಲಿ ತೂಬಿನ ಮಟ್ಟಕ್ಕೆ ಉಳಿದಿದ್ದದ್ದು ಒಂದೇ ಸರದಿಯ ನೀರು. ಮೇಲಿನ ಗದ್ದೆಗಳದ್ದೆಲ್ಲ ಮುಗಿದಿತ್ತು. ಪಟೇಲರದ್ದು ಸೋಮವಾರವೇ ಆಗಿತ್ತು. ಗುರುವಾರದ ನೀರು ಕಟ್ಟಕಡೆಯ ಗದ್ದೆಗೆ, ಅಂದರೆ ಪಾಲಣ್ಣನದಕ್ಕೆ, ಅಂದರೆ ನನ್ನದಕ್ಕೆ. ಅಂದರೆ ಪುಟ್ಟಕ್ಕನ ಮದುವೆಯ ಅನ್ನಕ್ಕೆ. ಕಟ್ಟಳೆಯೂ ನನ್ನ ಕಡೆ, ಆಸೆಯೂ ನನ್ನ ಕಡೆ. ಹುಟ್ಟಿದಾಗಿನಿಂದ ಇವೆರಡೂ ಒಂದೇ ಕಡೆ ನಿಂತಿದ್ದನ್ನು ನಾನು ನೋಡಿದ್ದು ಆ ದಿನವೇ.

ಮಧ್ಯಾಹ್ನ ಗೂಟ ಎತ್ತಿ, ನೀರು ಕಾಲುವೆಗೆ ಬಿದ್ದದ್ದು ನೋಡಿ, ಪಟೇಲರ ಗದ್ದೆಗೆ ನೀರು ತಿರುಗುವ ಮಡೆ ಮಣ್ಣಿನಿಂದ ಮುಚ್ಚಿದೆಯೆ ಅಂತ ನೋಡಲು ಕೆಳಗಿಳಿದೆ. ಏರಿಯ ಬುಡದಲ್ಲಿ ಪಟೇಲ್ ದೊಡ್ಡರಂಗಪ್ಪನವರು ನಿಂತಿದ್ದರು. ಒಬ್ಬರೇ. ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು. ಎಕ್ಕಡ ಹತ್ತು ಮಾರು ಆಚೆ, ಹುಲ್ಲಿನ ಮೇಲೆ ಜೋಡಿಸಿಟ್ಟಿದ್ದರು.

"ಕದರಪ್ಪನೋರೆ," ಅಂದರು.

ಹಿಂದೆ ಯಾರಾದರೂ ನಿಂತಿದ್ದಾರೆಯೆ ಅಂತ ತಿರುಗಿ ನೋಡಿದೆ. ಕೆರೆಯಿತ್ತು, ಬೇರೆ ಯಾರೂ ಇರಲಿಲ್ಲ.

"ಕದರಪ್ಪನೋರೆ, ಈ ಸಲ ನಾನು ಒಂದಿಷ್ಟು ತಡವಾಗಿ ನಾಟಿ ಹಾಕಿಸ್ದೆ. ಇನ್ನೊಂದು ನೀರು ಆದ್ರೆ ಕಾಳಾಯ್ತದೆ. ತಾವು ಮನಸ್ಸು ಮಾಡ್ಬೇಕು."

"ನಿಮ್ಮ ಸರದಿ ಸೋಮವಾರ ಆಯ್ತಲ್ಲ ಪಟೇಲ್ರೆ. ಇದು ಕಡೇ ಗದ್ದೇದು." ಬಾಯಿ ಸರಿಯಾಗಿಯೇ ಹೇಳಿತು. ಬಾಯಿಯ ಮೇಲೆ ನನಗೆ ದೂರಿಲ್ಲ.

"ಸರದಿ ನಂಗೆ ಗೊತ್ತಿಲ್ವಾ? ಕಟ್ಟಳೆ ಕೇಳಾಕೆ ಬಂದಿಲ್ಲ. ತಮ್ಮನ್ನ ಕೇಳಾಕೆ ಬಂದಿದೀನಿ." ಎರಡು ಕೈಯೂ ಜೋಡಿಸಿದರು. ಆ ಕೈಗಳ ಮುಂದೆ ನಾನು ಬಗ್ಗಿ ನಿಂತದ್ದು ಎಷ್ಟು ಸಲ ಅಂತ ಎಣಿಸಿದರೆ ಎಣಿಕೆಗೇ ಸುಸ್ತಾಗುತ್ತದೆ. ಆಚೆ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಇಬ್ಬರು ಕುಡುಗೋಲು ನಿಲ್ಲಿಸಿ ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆ ಅನ್ನುವುದೂ ನನಗೆ ಗೊತ್ತಿತ್ತು.

ಈಗ ನಾನು ಹೇಳುವುದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ನನ್ನ ಗದ್ದೆ ನೆನಪಿತ್ತು. ಪುಟ್ಟಕ್ಕ ನೆನಪಿದ್ದಳು. ಜುಂಜಪ್ಪನ ನಗದ ಕಣ್ಣು ನೆನಪಿತ್ತು. ಬದುವಿನ ಮೇಲೆ ಕೂತು ನೀರಿಗೆ ಕಾಯುತ್ತಿರುವ ಪಾಲಣ್ಣ ನೆನಪಿದ್ದ. ಎಲ್ಲಾ ನೆನಪಿಟ್ಟುಕೊಂಡೇ ನಾನು ಸನಿಕೆ ಎತ್ತಿ ಪಟೇಲರ ಮಡೆಯ ಮಣ್ಣು ಒಡೆದೆ. ಕಾಲುವೆಗೆ ಅಡ್ಡಲಾಗಿ ನಾಲ್ಕು ಸನಿಕೆ ಮಣ್ಣು ಎಳೆದೆ. ನೀರು ಒಂದು ಗಳಿಗೆ ನಿಂತು, ಯೋಚಿಸಿದಂತೆ ಮಾಡಿ, ಪಟೇಲರ ಗದ್ದೆಗೆ ತಿರುಗಿತು.

ಗದ್ದೆಯಿದ್ದವನ ಕೈ ಗದ್ದೆಯ ಕಡೆಗೇ ತಿರುಗುತ್ತದಂತೆ. ಪಾಪ, ನಮ್ಮ ಹಿರಿಯರಿಗೆ ಮನುಷ್ಯನ ಮೇಲೆ ಅಷ್ಟಾದರೂ ನಂಬಿಕೆಯಿತ್ತು.

ಸಂಜೆಗೆ ಮುಂಚೆ ಕೆರೆಯ ನೀರು ತೂಬಿನಿಂದ ಕೆಳಗಿಳಿಯಿತು. ಕಡೆಯ ಗದ್ದೆಗೆ ಹೋದೆ. ಪಾಲಣ್ಣ ತಲೆಗೆ ಟವೆಲ್ಲು ಸುತ್ತಿಕೊಂಡು ಒಣ ಕಾಲುವೆಯೊಳಗೆ ಕಾಲಿಳಿಬಿಟ್ಟು ಕೂತಿದ್ದ.

"ನೀರು ಬರ್ಲಿಲ್ಲ ಭಾವ."

"ಬರ್ಲಿಲ್ಲ."

"ಪಟೇಲ್ರು ಬಂದಿದ್ರಾ?"

"ಹೂಂ."

"ಎಕ್ಕಡ ಬಿಟ್ಟಿದ್ರಾ?"

"ಹೂಂ. ನಿಂಗೆಂಗೆ ಗೊತ್ತು?"

"ಇಪ್ಪತ್ತು ವರ್ಷ ನನ್ತಾವ ಅಂಗೇ ಬತ್ತಿದ್ರು."

"ನೀನೇನು ಮಾಡ್ತಿದ್ದೆ?"

"ಎಕ್ಕಡ ಹಾಕ್ಕಳಿ ಪಟೇಲ್ರೆ, ಇಲ್ಲಿ ಮುಳ್ಳವೆ, ಅಂತಿದ್ದೆ." ಅವನು ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ನೋಡಿದ. "ಹಾಕ್ಕಂಡು ಹೋಗ್ತಿದ್ರು."

ಮೂವತ್ತು ಗುಂಟೆಯಲ್ಲಿ ಸಿಕ್ಕದ್ದು ದನಕ್ಕೆ ಹುಲ್ಲು, ಕೋಳಿಗೆ ಎರಡು ಮೊರ ಕಾಳು. ಊರಲ್ಲಿ ಕೋಳಿಯೂ ಇರಲಿಲ್ಲ. ಬೊಮ್ಮಕ್ಕ ಈ ಸಲ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. "ನಮ್ಮಣ್ಣಂಗೆ ಗದ್ದೆ ಕೊಟ್ಟೆ, ಅವನು ನಿದ್ದೆಗೆಟ್ಟ. ನೀನು ಸನಿಕೆ ತಗಂಡೆ, ಮಗಳ ಅನ್ನ ಕೆಟ್ತು. ಇದ್ರಾಗೆ ಯಾರಿಗೆ ಒಳ್ಳೇದಾಯ್ತು ಹೇಳು ನೋಡಾನ" ಅಂದಳು. ನಾನು ಕೂತು ಯೋಚಿಸಿದೆ. ಪಟೇಲರಿಗೆ ಅನ್ನೋಣವೆಂದರೆ ಅವರಿಗೂ ಆ ವರ್ಷ ಹೊಟ್ಟೆನೋವು.

ಮದುವೆಗೆ ಎಂಟು ದಿನವಿದೆ ಅನ್ನುವಾಗ ಗಾಡಿ ಬಂತು. ಪಟೇಲರ ಮನೆಯಿಂದ ನಾಲ್ಕು ಮೂಟೆ ಅಕ್ಕಿ. ಮದುವೆಯ ಉಡುಗೊರೆಯಂತೆ. ಗಾಡಿಯವನು ಇಳಿಸಿ ಹೋದ. ನಾನೂ ಬೊಮ್ಮಕ್ಕನೂ ಆ ಮೂಟೆಗಳನ್ನು ಸತ್ತವರ ಮನೆಯ ಹೆಣ ನೋಡುವ ಹಾಗೆ ನೋಡುತ್ತಾ ನಿಂತೆವು. ಅದು ಲಂಚವೋ, ಔದಾರ್ಯವೋ, ನನ್ನ ಅಕ್ಕಿಯೇ ಸುತ್ತು ಹಾಕಿಕೊಂಡು ನನ್ನ ಮನೆಗೆ ಬಂದಿತೋ?

ಮದುವೆಯಲ್ಲಿ ಮುನ್ನೂರು ಎಲೆ ಹಾಕಿಸಿದೆ. ಸಾವಿರ ಅಂತ ಹೇಳಬೇಕೆಂದಿದ್ದೆ, ಇರಲಿ. ಜುಂಜಪ್ಪ ಮೊದಲ ತುತ್ತು ಬಾಯಿಗಿಟ್ಟು, ಒಂದು ಅಗುಳನ್ನು ಮುಂದಿನ ಹಲ್ಲಿಗೆ ತಂದು ಕಚ್ಚಿ, ಕಣ್ಣು ಮುಚ್ಚಿದ. ಪಕ್ಕದಲ್ಲಿ ಪಾಲಣ್ಣ ತನ್ನ ಎಲೆಯನ್ನೇ ನೋಡುತ್ತಿದ್ದ.

"ಈ ಕೆರೇದೇ," ಅಂದ ಜುಂಜಪ್ಪ. "ಕೊಂಡಿದ್ದಲ್ಲ. ಆದ್ರೆ ಕಟ್ಟಕಡೇ ಗದ್ದೇದು ಇಷ್ಟು ದಪ್ಪ ಇರಲ್ಲ ಬಾವಾ. ಇದು ಎವರಿದಿ? ಯಾರ್ದು?"

ಎಂಥ ಸುಳ್ಳು ಬೇಕಾದರೂ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆ ದಿನ ಒಂದೂ ಬರಲಿಲ್ಲ. "ಗದ್ದೆ ಪಟೇಲ್ರದು, ನೀರು ನನ್ನ ಗದ್ದೇದು," ಅಂದುಬಿಟ್ಟೆ.

ಅವನು ಗಟ್ಟಿಯಾಗಿ ನಕ್ಕು, ತೊಡೆ ತಟ್ಟಿ, ಪಕ್ಕದವನಿಗೆ ಹೇಳಿದ: "ನೋಡಪ್ಪ, ನಮ್ಮ ಬೀಗರ ಬಡಾಯಿ." ಈ ಸಲ ಕಣ್ಣೂ ನಕ್ಕವು. ಮೂರು ಸಲ ಅನ್ನ ಹಾಕಿಸಿಕೊಂಡ. ಜೀವಮಾನದಲ್ಲಿ ನಾನು ಹೇಳಿದ ಒಂದು ನಿಜದಿಂದ, ಅದನ್ನು ಯಾರೂ ನಂಬದ್ದರಿಂದ, ನನ್ನ ಮಗಳ ಮದುವೆ ಉಳಿಯಿತು. ಇದಕ್ಕೆ ಸಂತೋಷಪಡಬೇಕೋ ಬೇಡವೋ ಅಂತ ನೋಡುತ್ತಿರುವಾಗ ಮೊದಲ ಸಾಲಿನಲ್ಲಿ ಕೂತಿದ್ದ ಪಟೇಲರು ತಲೆ ಎತ್ತಿದರು.

"ಲೇ ಕದರಾ, ಇತ್ಲಾಗೆ ಒಂದಿಷ್ಟು ಸಾರು ತಗಂಬಾ."

ಕೆರೆ ಬತ್ತಿತ್ತಲ್ಲ. ಸಾರು ತೆಗೆದುಕೊಂಡು ಹೋದೆ.

ಯುಗಾದಿ ಕಳೆದ ಮೇಲೆ ಪಾಲಣ್ಣ ಪತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. "ಗದ್ದೆ ವಾಪಸ್ ತಗ ಭಾವ. ಮಧುಗಿರಿಗೆ ಹೋಗಿ ಬರ್ಸಿಬುಡಾನ. ನಂಗೆ ನಿದ್ದೆ ಬೇಕು."

ಬೊಮ್ಮಕ್ಕ ಆಗಲೇ ನನ್ನ ಒಗೆದ ಪಂಚೆ ತೆಗೆದಿಟ್ಟಳು. ಗದ್ದೆ ಬಂದರೆ ಮುಂದಿನ ವರ್ಷಕ್ಕೆ ಅನ್ನ, ಸನಿಕೆ ಮತ್ತೆ ಪಾಲಣ್ಣನಿಗೆ, ಸರದಿ ಗುರುವಾರ. ಇದರಲ್ಲಿ ಯೋಚಿಸುವುದೇನಿದೆ? ಹೂಂ ಅಂದೆ. ಆ ವಾರ ಬಸ್ಸು ತಪ್ಪಿತು. ಅದರ ಮುಂದಿನ ವಾರ ನನ್ನ ಕಾಲು ಉಳುಕಿತು. ಆಮೇಲೆ ಅಮಾವಾಸ್ಯೆ, ಆಮೇಲೆ ಮಳೆ. ಮಳೆ ಅಂದರೆ ಅಂಥ ಮಳೆಯಲ್ಲ, ಮೀನುಗಳು ಮಳೆಯ ಹನಿ ಹಿಡಿದುಕೊಂಡು ಆಕಾಶಕ್ಕೆ ಹತ್ತಿದವು ಅಷ್ಟೆ. ಕೆರೆಗೆ ಕಾಲು ಭಾಗ ನೀರು ಬಂತು.

ಮಳೆ ಬಿಟ್ಟ ಬೆಳಿಗ್ಗೆ ಬೊಮ್ಮಕ್ಕ ನನ್ನನ್ನು ಬಸ್ಸಿನವರೆಗೂ ತಾನೇ ನಡೆಸಿಕೊಂಡು ಬಂದಳು. ಬಸ್ಸು ಏರಿಯ ಪಕ್ಕದ ರಸ್ತೆಯಲ್ಲಿ ನಿಲ್ಲುತ್ತದೆ. ಪಾಲಣ್ಣ ಹತ್ತಿ ಕಿಟಕಿಯ ಹತ್ತಿರ ಕೂತ, ಪತ್ರ ತೊಡೆಯ ಮೇಲೆ. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಹಿಂದಿನಿಂದ, ಏರಿಯ ಕಡೆಯಿಂದ, ಕೂಗು ಬಂತು.

"ಕದರಪ್ಪನೋರೆ."

ಡ್ರೈವರು ಹಾರನ್ ಹೊಡೆದ. ಬೊಮ್ಮಕ್ಕ ನನ್ನ ಬೆನ್ನಿಗೆ ಕೈಯಿಟ್ಟು ಮೇಲಕ್ಕೆ ನೂಕುತ್ತಿದ್ದಳು. ಪಾಲಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಏರಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದ.

"ಎಕ್ಕಡ ಬಿಟ್ಟವ್ರಾ ಭಾವ?"

ತಿರುಗಿ ನೋಡಿದೆ. ಬಿಟ್ಟಿದ್ದರು.

ಮುಳ್ಳಿದೆ ಅಂತ ಹೇಳುವುದು ಎಷ್ಟು ಹೊತ್ತಿನ ಕೆಲಸ? ಹೇಳಬೇಕು ಅಂದುಕೊಂಡೇ ಬಾಯಿ ತೆಗೆದೆ. ಅದೇ ಬಾಯಿ "ಮುಂದಿನ ವಾರ ಖಂಡಿತ" ಅಂತ ಕಿಟಕಿಗೆ ಹೇಳಿದ್ದು ನನಗೆ ಕೇಳಿಸಿತು. ಮೆಟ್ಟಿಲ ಮೇಲಿದ್ದ ಕಾಲು ಯಾವಾಗ ಕೆಳಗಿಳಿಯಿತೋ ಗೊತ್ತಿಲ್ಲ. ಬಸ್ಸು ಪಾಲಣ್ಣನನ್ನು ಕೂರಿಸಿಕೊಂಡು ಮಧುಗಿರಿಗೆ ಹೊರಟುಹೋಯಿತು.